ಮೈ ಬರೆಯುವ ಮೊದಲು ಮೂಳೆ ಮುಟ್ಟಿ ನೋಡಿ

ಕಲಾಶಾಲೆಗೆ ಹೊಸದಾಗಿ ಸೇರಿದವರ ಸ್ಕೆಚ್‌ಬುಕ್ ತೆರೆದರೆ ಮುಖಗಳೇ ಮುಖಗಳು. ಕಣ್ಣು, ಮೂಗು, ಗುಂಗುರು ಕೂದಲು ಎಲ್ಲ ಅಚ್ಚುಕಟ್ಟು. ಕತ್ತಿನಿಂದ ಕೆಳಗಿಳಿದರೆ ಮಾತ್ರ ಕೈಗಳು ಪ್ಯಾಂಟಿನ ಜೇಬಿನೊಳಗೆ, ಇಲ್ಲವೇ ಬೆನ್ನ ಹಿಂದೆ. ಪಾದಗಳು ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತವೆ. ಬರೆಯಲು ಬಾರದ್ದನ್ನು ಬಚ್ಚಿಡುವ ಈ ಜಾಣತನ ಲೈಫ್ ಸ್ಟಡಿ ತರಗತಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಎದುರಿಗೇ ಮಾಡೆಲ್ ಕೂತಿರುತ್ತಾರೆ, ಹಿಂದಿನಿಂದ ಮೇಷ್ಟ್ರು ನೋಡುತ್ತಿರುತ್ತಾರೆ.

ಆಗ ಹೆಚ್ಚಿನವರು ಅನಾಟಮಿ ಪುಸ್ತಕ ತಂದು ಸ್ನಾಯುಗಳ ಹೆಸರು ಉರು ಹೊಡೆಯಲು ಶುರುಮಾಡುತ್ತಾರೆ. ಪರೀಕ್ಷೆಗೆ ಆದೀತು, ಚಿತ್ರಕ್ಕೆ ಆಗದು. ವಯಸ್ಕರ ದೇಹದಲ್ಲಿ 206 ಮೂಳೆಗಳಿವೆ, ಸ್ನಾಯುಗಳು ಆರುನೂರಕ್ಕೂ ಹೆಚ್ಚು. ಅದರಲ್ಲಿ ಚಿತ್ರ ಬರೆಯುವವರಿಗೆ ಬೇಕಾದದ್ದು ಸ್ವಲ್ಪವೇ. ಆ ಸ್ವಲ್ಪವನ್ನು ಯಾವ ಕ್ರಮದಲ್ಲಿ ಕಲಿಯುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ: ಮೊದಲು ನಿಲುವು, ಆಮೇಲೆ ಅಳತೆ, ಆಮೇಲೆ ಮೂಳೆ. ಸ್ನಾಯುವಿನ ಸರದಿ ಕೊನೆಗೆ.

ಭಾರ ಯಾವ ಕಾಲಿನ ಮೇಲಿದೆ?

ಶುರುವಿಗೆ ನ್ಯೂಸ್‌ಪ್ರಿಂಟ್ ಕಾಗದ, ಒಂದು ರಟ್ಟು, ಎರಡು ಕ್ಲಿಪ್, ಚಾರ್‌ಕೋಲ್ ಅಥವಾ 4ಬಿ ಪೆನ್ಸಿಲ್ ಸಾಕು. ಒಳ್ಳೆಯ ಕಾಗದವನ್ನು ಆಮೇಲೆ ಕೊಳ್ಳಿ. ಹಾಳೆ ದುಬಾರಿಯಾದಷ್ಟೂ ಕೈ ಹಿಂಜರಿಯುತ್ತದೆ. ರಬ್ಬರ್ ಮನೆಯಲ್ಲಿರಲಿ.

ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಮೂವತ್ತು ಸೆಕೆಂಡ್, ಒಂದು ನಿಮಿಷ, ಎರಡು ನಿಮಿಷದ ಕ್ವಿಕ್ ಸ್ಕೆಚ್ ಮಾಡಿ. ಬಸ್ ನಿಲ್ದಾಣ, ಹೂವಿನ ಮಾರುಕಟ್ಟೆ, ಕಬಡ್ಡಿ ಅಂಕಣ ಎಲ್ಲಾದರೂ ಸರಿ. ಬೆರಳಿನಿಂದಲ್ಲ, ಭುಜದಿಂದ ಗೆರೆ ಎಳೆಯಿರಿ. ಮುಖ, ಬೆರಳು, ಬಟ್ಟೆಯ ನಿರಿಗೆ ಯಾವುದೂ ಬೇಡ. ತಲೆಯಿಂದ ಹಿಮ್ಮಡಿಯವರೆಗೆ ಮೈ ಯಾವ ಕಡೆ ಬಾಗಿದೆ, ಭಾರ ಎಲ್ಲಿ ಬಿದ್ದಿದೆ ಎಂಬುದಷ್ಟೇ ಕಾಗದಕ್ಕೆ ಬರಲಿ. ಬರೆಸಿಕೊಳ್ಳುವವರಿಗೆ ಇರುಸುಮುರುಸಾದಂತೆ ಕಂಡರೆ ಪುಸ್ತಕ ಮುಚ್ಚಿ ಬೇರೆ ಕಡೆ ತಿರುಗಿ. ಕುತೂಹಲದಿಂದ ಹತ್ತಿರ ಬಂದರೆ ತೋರಿಸಿ. ಎಷ್ಟೋ ಸಲ ಅವರೇ ಇನ್ನೊಂದು ಬರೆಯಿರಿ ಎನ್ನುತ್ತಾರೆ.

ಬಸ್ಸಿಗೆ ಕಾಯುವವರು ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲುವುದು ಅಪರೂಪ. ಒಂದು ಕಾಲು ಭಾರ ಹೊರುತ್ತದೆ, ಇನ್ನೊಂದು ಸಡಿಲವಾಗಿರುತ್ತದೆ. ಭಾರ ಹೊತ್ತ ಕಡೆ ಸೊಂಟ ಮೇಲೇರುತ್ತದೆ, ಸಾಮಾನ್ಯವಾಗಿ ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಕೊರಳ ಗುಳಿಯಿಂದ ನೇರ ಕೆಳಕ್ಕೆ ತೂಗುಗೆರೆ ಎಳೆದರೆ ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ಬೀಳದಿದ್ದರೆ ನಿಮ್ಮ ಚಿತ್ರದ ಮನುಷ್ಯ ಗೋಡೆಗೆ ಒರಗಿರಬೇಕು, ಇಲ್ಲವೇ ಬೀಳುತ್ತಿರಬೇಕು.

ಇದನ್ನು ಕಲ್ಲಿನಲ್ಲೂ ನೋಡಬಹುದು. ಶ್ರವಣಬೆಳಗೊಳದ ಗೊಮ್ಮಟ ಎರಡೂ ಪಾದದ ಮೇಲೆ ಸಮಭಾರದಲ್ಲಿ ನಿಂತಿದ್ದಾನೆ. ಭುಜ, ಸೊಂಟ ಎರಡೂ ಮಟ್ಟಸ. ಬೇಲೂರಿನ ಮದನಿಕೆಯರು ತ್ರಿಭಂಗಿಯಲ್ಲಿ ಕತ್ತು, ನಡು, ಮಂಡಿಗಳಲ್ಲಿ ಬಳುಕುತ್ತಾರೆ. ಒಂದೇ ಜಿಲ್ಲೆಯಲ್ಲಿರುವ ಈ ಎರಡು ನಿಲುವುಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ಆದರೆ ಶಿಲ್ಪದಿಂದ ಸ್ನಾಯು ಕಲಿಯಲು ಹೋಗಬೇಡಿ. ಮದನಿಕೆಯ ನಡು ಶಿಲ್ಪಿಯ ಸೌಂದರ್ಯದ ಲೆಕ್ಕ, ವೈದ್ಯರ ಲೆಕ್ಕವಲ್ಲ.

ತಲೆಯೇ ಅಳತೆಗೋಲು

ಸಾಮಾನ್ಯ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆ. ಒಂದು ವರ್ಷದ ಮಗುವಿನದು ನಾಲ್ಕು ತಲೆಯ ಆಸುಪಾಸು. ಮಗುವನ್ನು ಬರೆದರೆ ಗಿಡ್ಡ ಮನುಷ್ಯನಂತೆ ಕಾಣುವುದು ಈ ಲೆಕ್ಕ ತಪ್ಪಿದಾಗಲೇ. ನಿಂತ ದೇಹದ ನಡುಬಿಂದು ಹೊಕ್ಕುಳಲ್ಲ, ಅದಕ್ಕಿಂತ ಕೆಳಗೆ, ಕಾಲುಗಳು ಕವಲೊಡೆಯುವ ಜಾಗ. ಕೈ ಇಳಿಬಿಟ್ಟರೆ ಮೊಣಕೈ ನಡುವಿನ ಮಟ್ಟಕ್ಕೆ ಬರುತ್ತದೆ, ಬೆರಳ ತುದಿ ತೊಡೆಯ ಮಧ್ಯಕ್ಕೆ. ಕಣ್ಣು ತಲೆಯ ಅರ್ಧ ಎತ್ತರದಲ್ಲಿದೆ. ಹೊಸಬರು ಅದನ್ನು ಯಾವಾಗಲೂ ಮೇಲಕ್ಕೆ ಏರಿಸುತ್ತಾರೆ.

ನಮ್ಮ ಶಿಲ್ಪಶಾಸ್ತ್ರದ ತಾಲಮಾನವನ್ನು ಇದರೊಂದಿಗೆ ಬೆರೆಸಬೇಡಿ. ಅಲ್ಲಿ ಒಂದು ತಾಲ ಅಂದರೆ ಹನ್ನೆರಡು ಅಂಗುಲ, ಅಂದರೆ ಕೂದಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದ. ನವತಾಲದ ಮೂರ್ತಿ 108 ಅಂಗುಲ. ಏಳೂವರೆ ತಲೆಯ ಲೆಕ್ಕದಲ್ಲಿ ನೆತ್ತಿಯೂ ಸೇರಿರುತ್ತದೆ. ಅವನೀಂದ್ರನಾಥ ಟ್ಯಾಗೋರ್ ಭಾರತೀಯ ಕಲೆಯ ಅಂಗರಚನೆ ಕುರಿತು ಬರೆದ ಪುಟ್ಟ ಪುಸ್ತಕ 1914ರಲ್ಲಿ ಬಂತು. ಅದರ ರೇಖಾಚಿತ್ರಗಳಲ್ಲಿ ಅವರ ಶಿಷ್ಯರಾದ ನಂದಲಾಲ್ ಬೋಸ್ ಮತ್ತು ನಮ್ಮ ಕೆ. ವೆಂಕಟಪ್ಪನವರ ಕೈ ಇದೆ. ಸಿಕ್ಕರೆ ಓದಿ.

ಎದುರಿನ ಮಾಡೆಲನ್ನು ಅಳೆಯುವಾಗ ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿಂದ ತಲೆಯ ಎತ್ತರ ಗುರುತಿಸಿಕೊಳ್ಳಿ. ಮೊಣಕೈ ಸ್ವಲ್ಪ ಮಡಚಿದರೂ ಅಳತೆ ಬದಲಾಗುತ್ತದೆ.

ಚರ್ಮಕ್ಕೆ ತಾಗುವ ಮೂಳೆಗಳು

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಆಸನ ಬದಲಾದಂತೆ ಮಾಂಸ, ಕೊಬ್ಬು ಆಕಾರ ಬದಲಿಸುತ್ತವೆ. ಮೂಳೆ ಚರ್ಮಕ್ಕೆ ಹತ್ತಿರ ಬರುವ ಕೆಲವು ಜಾಗಗಳು ಮಾತ್ರ ಎಲ್ಲರಲ್ಲೂ ನಂಬಿಕಸ್ಥ: ಕೊರಳ ಗುಳಿ, ಅದರ ಎರಡೂ ಬದಿಗೆ ಹೋಗುವ ಕೊರಳೆಲುಬು, ಭುಜದ ತುದಿ, ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಏಳುವ ಗಂಟು, ಸೊಂಟದ ಮುಂದಿನ ಎರಡು ಚೂಪು, ಮೊಣಕೈ, ಮಂಡಿಚಿಪ್ಪು, ಮೊಣಕಾಲಿನ ಕೆಳಗಿನ ನಳಿಮೂಳೆಯ ಒಳಮೈ, ಪಾದದ ಗಿಣ್ಣುಗಳು. ದಪ್ಪ ಮೈಯಲ್ಲಿ ಕೆಲವು ಉಬ್ಬುಗಳು ಕುಳಿಯಾಗಿ ಕಾಣುತ್ತವೆ. ಮಗುವಿನ ಬೆರಳ ಗೆಣ್ಣಿನ ಜಾಗ ನೋಡಿ.

ಇವನ್ನು ಪುಸ್ತಕಕ್ಕಿಂತ ಮೊದಲು ನಿಮ್ಮ ಮೈಯಲ್ಲೇ ಮುಟ್ಟಿ ನೋಡಿ. ಎಡ ಮೊಣಕೈಯನ್ನು ಮೇಜಿನ ಮೇಲೆ ಊರಿ, ಅಂಗೈ ನಿಮ್ಮ ಮುಖದ ಕಡೆ ಇರಲಿ. ಬಲಗೈಯ ಬೆರಳನ್ನು ಮೊಣಕೈಯ ಚೂಪಿನ ಮೇಲಿಟ್ಟು, ಮೂಳೆಯ ಅಂಚು ಹಿಡಿದು ಕಿರುಬೆರಳಿನ ಕಡೆಗೆ ಸಾಗಿ. ಮಣಿಕಟ್ಟಿನವರೆಗೂ ಅದು ಕೈಗೆ ಸಿಗುತ್ತದೆ. ಈಗ ಅಂಗೈಯನ್ನು ಆಚೆ ಕಡೆ ತಿರುಗಿಸಿ. ನೀವು ಹಿಡಿದ ಮೂಳೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹೆಬ್ಬೆರಳ ಕಡೆಯ ಮೂಳೆ ಅದರ ಮೇಲೆ ಅಡ್ಡಹಾದು ಮಣಿಕಟ್ಟನ್ನು ಹೊತ್ತು ತಿರುಗುತ್ತದೆ. ಮೊದಲು ಅಗಲವಾಗಿ ಚಪ್ಪಟೆಯಾಗಿದ್ದ ಮುಂಗೈ ಈಗ ನಡುವೆ ದುಂಡಗಾಗಿದೆ. ಕಪ್ ಹಿಡಿದ ಕೈ, ಬೀಗ ತಿರುಗಿಸುವ ಕೈ, ಚಪಾತಿ ಲಟ್ಟಿಸುವ ಕೈ ಮೂರನ್ನೂ ಬರೆದು, ಪ್ರತಿಯೊಂದರ ಮೇಲೂ ಕೆಂಪು ಪೆನ್ನಿನಲ್ಲಿ ಈ ಎರಡು ಮೂಳೆಗಳ ಗೆರೆ ಎಳೆಯಿರಿ.

ಇದೇ ರೀತಿ ಕೊರಳೆಲುಬಿನ ಮೇಲೆ ಬೆರಳಿಟ್ಟು ಕೈ ಮೇಲೆತ್ತಿ. ಅದರ ಹೊರತುದಿ ಏರುತ್ತದೆ, ಬೆನ್ನಿನ ಹೆಗಲೆಲುಬು ಹೊರಕ್ಕೆ ಜಾರುತ್ತದೆ. ಎತ್ತಿದ ಕೈಯನ್ನು ಇಳಿದ ಭುಜಕ್ಕೇ ಅಂಟಿಸಿದರೆ ಬೊಂಬೆಯಂತೆ ಕಾಣುವುದು ಇದಕ್ಕೇ.

ಎದೆಗೂಡನ್ನು ಮೊಟ್ಟೆಯಾಕಾರ, ಸೊಂಟವನ್ನು ಪೆಟ್ಟಿಗೆ ಎಂದುಕೊಂಡು ಬರೆಯಿರಿ. ಇವೆರಡೂ ಗಟ್ಟಿ, ನಡುವಿನ ಹೊಟ್ಟೆ ಮಾತ್ರ ಬಾಗುತ್ತದೆ, ತಿರುಚುತ್ತದೆ, ಮಡಿಕೆ ಬೀಳುತ್ತದೆ.

ಗರಡಿಮನೆಯ ಪಾಠ

ಸ್ನಾಯು ನೋಡಲು ಮೈಸೂರಿನವರಿಗೆ ಗರಡಿಮನೆಗಿಂತ ಒಳ್ಳೆಯ ತರಗತಿ ಇಲ್ಲ. ಉಸ್ತಾದರ ಅನುಮತಿ ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಮಟ್ಟಿಯ ಹತ್ತಿರ ಹೋಗದೆ ಮೂಲೆಯಲ್ಲಿ ಕೂರಿ. ದಂಡ, ಬಸ್ಕಿ ಹೊಡೆಯುವಾಗ ಅದೇ ಚಲನೆ ಮತ್ತೆ ಮತ್ತೆ ಬರುವುದರಿಂದ ಒಂದು ಸಲ ತಪ್ಪಿದ್ದನ್ನು ಮುಂದಿನ ಸಲ ಹಿಡಿಯಬಹುದು. ದಂಡದಲ್ಲಿ ಬೆನ್ನು ಮತ್ತು ತೋಳು, ಬಸ್ಕಿಯಲ್ಲಿ ತೊಡೆ. ಪ್ರತಿ ಸ್ನಾಯು ಯಾವ ಮೂಳೆಯಿಂದ ಹೊರಟು ಯಾವ ಮೂಳೆಗೆ ಸೇರುತ್ತದೆ, ಯಾವ ಕೀಲು ಮಡಚುತ್ತದೆ ಎಂದು ಕೇಳಿಕೊಂಡರೆ ಹೆಸರು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

ಮೀನಖಂಡವನ್ನು ಹಿಂದಿನಿಂದ ನೋಡಿ: ಹೊರಗಿನ ಉಬ್ಬು ಮೇಲೆ, ಒಳಗಿನದು ಕೆಳಗೆ. ಪಾದದ ಗಿಣ್ಣಿನಲ್ಲಿ ತಿರುಗುಮುರುಗು: ಒಳಗಿನದು ಮೇಲೆ, ಹೊರಗಿನದು ಕೆಳಗೆ. ಈ ಎರಡು ಓರೆ ಗೆರೆ ಸರಿಬಿದ್ದರೆ ಕಾಲಿಗೆ ಜೀವ ಬರುತ್ತದೆ. ಎರಡೂ ಕಡೆ ಸಮ ಉಬ್ಬು ಕೊಟ್ಟರೆ ಮೇಜಿನ ಕಾಲಾಗುತ್ತದೆ.

ಪುಸ್ತಕಗಳಲ್ಲಿ ಆಂಡ್ರ್ಯೂ ಲೂಮಿಸ್ 1943ರಲ್ಲಿ ಬರೆದದ್ದು ಅಳತೆಗೆ, ಜಾರ್ಜ್ ಬ್ರಿಡ್ಜ್‌ಮನ್ ಬರೆದವು ಮೈಯ ದಪ್ಪ ತೂಕಕ್ಕೆ, 1941ರಲ್ಲಿ ಪ್ರಕಟವಾದ ನಿಕೊಲೈಡಿಸ್ ಪುಸ್ತಕ ಕ್ವಿಕ್ ಸ್ಕೆಚ್ಚಿಗೆ. ಮೂರನ್ನೂ ಒಟ್ಟಿಗೆ ತೆರೆದಿಡಬೇಡಿ. ಬ್ರಿಡ್ಜ್‌ಮನ್ ಗೆರೆಗಳನ್ನು ಹಾಗೇ ನಕಲು ಮಾಡಿದರೆ ಅವರ ಶೈಲಿ ಅಂಟುತ್ತದೆ, ದೇಹ ಅರ್ಥವಾಗುವುದಿಲ್ಲ. ಮಣಿಪಾಲದ ಕಡೆ ಹೋದರೆ ಅಲ್ಲಿನ ವೈದ್ಯಕೀಯ ಕಾಲೇಜಿನ ಅಂಗರಚನಾ ಮ್ಯೂಸಿಯಂ ನೋಡಿ ಬನ್ನಿ. ಬೇರೆ ಊರುಗಳಲ್ಲಿ ನಿಮ್ಮ ಪ್ರಾಂಶುಪಾಲರ ಪತ್ರ ಹಿಡಿದು ಹತ್ತಿರದ ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಕೇಳಬಹುದು.

ಮಾಡೆಲ್ ಮುಂದೆ

ನಮ್ಮಲ್ಲಿ ಹೆಚ್ಚಿನ ಕಡೆ ಮಾಡೆಲ್ ಸೀರೆ, ಪಂಚೆ ಉಟ್ಟೇ ಕೂರುತ್ತಾರೆ. ಇದನ್ನು ಕೊರತೆ ಎಂದುಕೊಳ್ಳಬೇಕಿಲ್ಲ. ಮೊದಲು ಬಟ್ಟೆಯೊಳಗಿನ ಮಂಡಿ, ಸೊಂಟ, ಭುಜ ಎಲ್ಲಿವೆ ಎಂದು ತೆಳುವಾಗಿ ಗುರುತಿಸಿ. ನಿರಿಗೆಗಳು ಈ ಬಿಂದುಗಳಿಂದಲೇ ಜಗ್ಗಿಕೊಂಡು ಹೊರಡುತ್ತವೆ. ಮಂಡಿ ಗೊತ್ತಾಗದ ಪಂಚೆ ಹಗ್ಗದ ಮೇಲೆ ಒಣಹಾಕಿದ ಪಂಚೆ.

ಮಾಡೆಲ್ ವಿರಾಮಕ್ಕೆ ಏಳುವ ಮುನ್ನ ಪಾದದ ಸುತ್ತ, ಕೈ ಊರಿದ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಮತ್ತೆ ಅದೇ ಆಸನಕ್ಕೆ ಬರಲು ಅವರಿಗೂ ಸುಲಭ. ಕೇಳದೆ ಫೋಟೊ ತೆಗೆಯಬೇಡಿ. ಹತ್ತಿರದಿಂದ ತೆಗೆದ ಮೊಬೈಲ್ ಫೋಟೊದಲ್ಲಿ ಮುಂದಿನ ಮಂಡಿ ಊದಿಕೊಂಡು ತಲೆ ಸಣ್ಣದಾಗುವುದರಿಂದ ಅದು ಚಿತ್ರಕ್ಕೂ ಉಪಯೋಗವಿಲ್ಲ. ಅದರ ಬದಲು ವಿರಾಮದಲ್ಲಿ ಖಾಲಿ ಪೀಠ ನೋಡುತ್ತ ಆಸನವನ್ನು ನೆನಪಿನಿಂದ ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಅವರು ಬಂದು ಕೂತ ಮೇಲೆ ಹೋಲಿಸಿದರೆ ಯಾವ ಭಾಗವನ್ನು ನೋಡದೆಯೇ ಬರೆದಿದ್ದಿರಿ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮುಂದಿನ ಆಸನದಲ್ಲಿ ಆ ಭಾಗದಿಂದಲೇ ಶುರುಮಾಡಿ.