ಭಾರದ ಡಿಟೆಕ್ಟರ್ ಹಿಡಿಯುವವರಿಗೆ ಹಿರಿಯನ ಕಿವಿಮಾತು

ವಾರದ ಕೊನೆಗೆ ಮೆಲ್ಬರ್ನ್‌ನಿಂದ ಬೆಂಡಿಗೊ, ಡನೋಲಿ, ಮೇರಿಬರೊ ಕಡೆ ಚಿನ್ನ ಹುಡುಕಲು ಹೋಗುವ ನಮ್ಮ ಕನ್ನಡದ ಹುಡುಗ ಹುಡುಗಿಯರು ವಾಪಸ್ಸು ಬಂದಾಗ ಮೊದಲು ಆಡುವುದು ಚಿನ್ನದ ಮಾತಲ್ಲ, ಭುಜದ ಮಾತು. "ಅಂಕಲ್, ಕೈ ಬಿದ್ದೇ ಹೋಯ್ತು" ಅನ್ನುತ್ತಾರೆ. ಬೀಳದೆ ಇನ್ನೇನು? ಮೈನ್‌ಲ್ಯಾಬ್ ಕಂಪನಿಯ ಜಿಪಿಜೆಡ್ 7000 ಡಿಟೆಕ್ಟರಿನ ತೂಕ 3.32 ಕಿಲೋ. ಮೈಗೆ ಅವಚಿಕೊಂಡು ಹೊತ್ತರೆ ಅದೇನೂ ದೊಡ್ಡ ಹೊರೆಯಲ್ಲ. ಕೈ ಮುಂದೆ ಮಾಡಿ, ನೆಲಕ್ಕೆ ತಾಗಿಸದೆ, ದಿನವಿಡೀ ಎಡಕ್ಕೂ ಬಲಕ್ಕೂ ಬೀಸಬೇಕು ಅಂದಾಗ ಹೊರೆ.

ಹಾಗಂತ ಯಂತ್ರವನ್ನು ಗ್ಯಾರೇಜಿನ ಮೂಲೆಗೆ ತಳ್ಳಬೇಡಿ. ನಮ್ಮ ಕೋಲಾರದ ಚಿನ್ನ ಬಂಡೆಯ ಒಡಲಲ್ಲಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಡಿಟೆಕ್ಟರಿಗೆ ಕೆಲಸವಿಲ್ಲ. ನೀವು ಹುಡುಕುವ ಈ ವಿಕ್ಟೋರಿಯಾದ ಕಥೆ ಬೇರೆ. 1869ರಲ್ಲಿ ಮೊಲಿಯಾಗಲ್ ಬಳಿ ಸಿಕ್ಕ 'ವೆಲ್ಕಮ್ ಸ್ಟ್ರೇಂಜರ್' ಎಂಬ ಭಾರಿ ಗಟ್ಟಿ ನೆಲದಿಂದ ಕೆಲವೇ ಸೆಂಟಿಮೀಟರ್ ಕೆಳಗಿತ್ತು. 1980ರಲ್ಲಿ ಕಿಂಗೋವರ್ ಹತ್ತಿರ 27 ಕಿಲೋ ತೂಗುವ 'ಹ್ಯಾಂಡ್ ಆಫ್ ಫೇತ್' ಸಿಕ್ಕಿದ್ದು ಡಿಟೆಕ್ಟರಿನಿಂದಲೇ. ಇಲ್ಲಿ ಹೆಚ್ಚು ನೆಲದ ಮೇಲೆ ಡಿಟೆಕ್ಟರಿನ ಮುಂತುದಿಯ ಕಾಯಿಲ್ ಆಡಿಸಿದವರಿಗೆ ಅವಕಾಶ ಹೆಚ್ಚು. ಅದಕ್ಕೆ ಕೈ ಸೋಲಬಾರದು.

ನಾನು ಹೇಳುವುದು ಇಷ್ಟೇ: ಯಂತ್ರ ಒಟ್ಟು ಎಷ್ಟು ತೂಗುತ್ತದೆ ಅನ್ನುವುದಕ್ಕಿಂತ ಆ ತೂಕ ಎಲ್ಲಿ ಜೋತುಬಿದ್ದಿದೆ ಅನ್ನುವುದನ್ನು ನೋಡಿ. ಮಿಕ್ಕಿದ್ದೆಲ್ಲ ಅದರ ವಿವರ.

ಮೊದಲು ತೂಗಿ, ಆಮೇಲೆ ಬಿಚ್ಚಿ

• ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ನಮ್ಮವರ ಪ್ರತಿ ಮನೆಯಲ್ಲೂ ಇರುತ್ತದೆ. ಅದನ್ನು ತೆಗೆಯಿರಿ. ಡಿಟೆಕ್ಟರಿನ ಹಿಡಿಗೆ ಒಂದು ಬಟ್ಟೆಯ ಕುಣಿಕೆ ಹಾಕಿ ಎಲ್ಲಾದರೂ ತೂಗುಬಿಡಿ. ಮೂತಿ ಧೊಪ್ಪನೆ ಕೆಳಗೆ ಬೀಳುತ್ತದೆ. ಈಗ ಕಾಯಿಲ್ ಇರುವ ತುದಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಬೀಸುವಾಗ ಕೋಲು ಎಷ್ಟು ಓರೆ ಇರುತ್ತದೋ ಅಷ್ಟಕ್ಕೆ ಎತ್ತಿ ಓದಿ. ನಿಮ್ಮ ಮಣಿಕಟ್ಟು, ಮೊಣಕೈ ದಿನವಿಡೀ ಹೋರಾಡುವುದು ಈ ಅಂಕಿಯ ಜೊತೆ. ಚೀಟಿಯಲ್ಲಿ ಬರೆದಿಡಿ.

• ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲ ಮತ್ತೆ ಹೀಗೇ ತೂಗಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತು, ಯಾವುದಕ್ಕೆ ದುಡ್ಡು ದಂಡವಾಯಿತು ಗೊತ್ತಾಗುವುದಿಲ್ಲ.

• ಹಿಡಿಯಿಂದ ಒಂದು ಮೀಟರ್ ಮುಂದಿರುವ 100 ಗ್ರಾಂ ಅನ್ನು ಸರಿದೂಗಿಸಬೇಕಾದರೆ ಹಿಡಿಯಿಂದ 40 ಸೆಂಟಿಮೀಟರ್ ಹಿಂದೆ 250 ಗ್ರಾಂ ಇಡಬೇಕು. ಆದ್ದರಿಂದ ಇಳಿಸುವುದಿದ್ದರೆ ಮೊದಲು ಮೂತಿಯ ಕಡೆ ಇಳಿಸಿ. ಅಲ್ಲಿ ತೆಗೆದ ಒಂದು ಗ್ರಾಂ ಹಿಂದೆ ಸೇರಿಸಿದ ಎರಡೂವರೆ ಗ್ರಾಮಿಗೆ ಸಮ.

ಮೂತಿಯ ಕಡೆ

• ಕಾಸಿಲ್ಲದ ಕೆಲಸದಿಂದ ಶುರು ಮಾಡಿ. ಕಾಯಿಲ್ ಅಡಿಗೆ ಹಾಕಿರುವ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ ನೋಡಿ. ಒಳಗೆ ಕೆಂಪು ಮಣ್ಣು, ಸಣ್ಣ ಕಲ್ಲು, ಮಳೆಗಾಲವಾದರೆ ಕೆಸರು ತುಂಬಿಕೊಂಡಿರುತ್ತದೆ. ಕೊಡವಿ, ಒರೆಸಿ, ತಟ್ಟೆಯ ಅಂಚಿಗೆ ಎಲೆಕ್ಟ್ರಿಕಲ್ ಟೇಪ್ ಸುತ್ತಿದರೆ ಮತ್ತೆ ಮಣ್ಣು ಹೊಗುವುದಿಲ್ಲ. ಕಬ್ಬಿಣದ ಅಂಶದ ಮಣ್ಣು ಒಳಗಿದ್ದರೆ ಯಂತ್ರ ಸುಮ್ಮಸುಮ್ಮನೆ ಕೂಗುವುದೂ ಉಂಟು; ಅದೂ ನಿಲ್ಲುತ್ತದೆ. ಹಗುರಾಗಲಿ ಅಂತ ತಟ್ಟೆಯನ್ನೇ ಬಿಸಾಕಬೇಡಿ. ಕಾಯಿಲ್ ಸವೆದರೆ ಅದರ ಬೆಲೆ ತಟ್ಟೆಯದ್ದಲ್ಲ.

• ಕಾಯಿಲ್ ಚಿಕ್ಕದು ಮಾಡಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಉಪಾಯ. 14 ಅಂಗುಲದ್ದು ಬಿಟ್ಟು 11 ಅಂಗುಲದ್ದೋ ಮೊಟ್ಟೆಯಾಕಾರದ ಸಣ್ಣದ್ದೋ ಹಾಕಿದರೆ ಮೂತಿಯ ಭಾರ ಎದ್ದು ಕಾಣುವಷ್ಟು ಇಳಿಯುತ್ತದೆ. ಕಡ್ಲೆ ಕಾಳಿಗಿಂತ ಚಿಕ್ಕ ಚೂರುಗಳಿಗೆ ಸಣ್ಣ ಕಾಯಿಲೇ ಚುರುಕು. ಆಳದಲ್ಲಿರುವ ದೊಡ್ಡ ಗಟ್ಟಿಯ ವಿಷಯದಲ್ಲಿ ಮಾತ್ರ ದೊಡ್ಡ ಕಾಯಿಲಿಗೆ ಅದು ಸಾಟಿಯಲ್ಲ, ಒಂದು ಬೀಸಿಗೆ ಸಿಗುವ ನೆಲವೂ ಕಡಿಮೆ. ಪೊದೆ ಜಾಸ್ತಿ ಇರುವ ಕಡೆ, ಹಿಂದೆ ಯಾರೋ ಚಿನ್ನ ಎತ್ತಿದ ಜಾಗಗಳಲ್ಲಿ, ಸಣ್ಣದನ್ನೇ ಹಾಕಿ.

• ಕೋಲನ್ನು ಗಿಡ್ಡ ಮಾಡಿ. ಬಹಳ ಜನ ಅದನ್ನು ಪೂರ್ತಿ ಎಳೆದು ಬಿಗಿದಿರುತ್ತಾರೆ. ನೆಟ್ಟಗೆ ನಿಂತಾಗ ಕಾಯಿಲ್ ಕಾಲ್ಬೆರಳಿನಿಂದ ಒಂದೂವರೆ ಅಡಿ ಮುಂದೆ ಇದ್ದರೆ ಸಾಕು. ಒಂದೆರಡು ತೂತು ಒಳಕ್ಕೆ ತಳ್ಳುವುದಕ್ಕೆ ಖರ್ಚಿಲ್ಲ. ಬೂಟಿನ ಮೂತಿಯಲ್ಲಿ ಉಕ್ಕು ಇದ್ದರೆ ಮಾತ್ರ ಅಷ್ಟು ಹತ್ತಿರ ತರಬೇಡಿ, ಹೆಜ್ಜೆಹೆಜ್ಜೆಗೂ ಕೂಗುತ್ತದೆ.

• ಅಲ್ಯೂಮಿನಿಯಂ ಕೋಲಿನ ಬದಲು ಕಾರ್ಬನ್ ಫೈಬರ್ ಕೋಲು ಸಿಗುತ್ತದೆ. ಹಗುರ, ಗಟ್ಟಿ. ಆದರೆ ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಅಲ್ಪಸ್ವಲ್ಪ ಹರಿಯುತ್ತದೆ. ಕಾಯಿಲಿಗೆ ತಾಗಿಕೊಂಡಿರುವ ಕೊನೆಯ ಗೇಣು ಫೈಬರ್‌ಗ್ಲಾಸ್ ಅಥವಾ ಪ್ಲಾಸ್ಟಿಕ್ ಆಗಿರಬೇಕು. ಅಲ್ಲಿಯ ನಟ್ಟು ಬೋಲ್ಟೂ ನೈಲಾನ್‌ದೇ ಇರಲಿ. ಹಾಕಿದ ಮೇಲೆ ಯಂತ್ರ ಆನ್ ಮಾಡಿ, ಕೋಲನ್ನು ಮೆಲ್ಲಗೆ ಬಗ್ಗಿಸಿ, ತಟ್ಟಿ. ಸದ್ದು ಮಾಡಿದರೆ ಅದನ್ನು ಕೊಟ್ಟವರಿಗೇ ವಾಪಸ್ಸು ಕೊಡಿ.

ಹಿಡಿ, ಮೊಣಕೈ, ಹಿಂದಿನ ತುದಿ

• ಹಿಡಿ ತೆಳ್ಳಗಿದ್ದರೆ ಬೆರಳು ಅನಗತ್ಯವಾಗಿ ಬಿಗಿಯುತ್ತದೆ, ನೋವು ಅಲ್ಲಿಂದ ಮೊಣಕೈಗೆ ಹತ್ತುತ್ತದೆ. ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ಪನ್ನು ಕತ್ತರಿಸಿ ಸುತ್ತಿ, ಮೇಲೆ ಟೆನಿಸ್ ರಾಕೆಟ್ಟಿನ ಪಟ್ಟಿ ಹಾಕಿ. ಮುಷ್ಟಿ ಸಡಿಲ ಬಿಟ್ಟರೂ ಜಾರಬಾರದು, ಅಷ್ಟು ದಪ್ಪ ಸಾಕು.

• ಮೊಣಕೈ ಕೂರುವ ತೊಟ್ಟಿಲನ್ನು ಹಿಂದೆ ಮುಂದೆ ಸರಿಸಬಹುದು. ಅದರ ಅಂಚು ಮೊಣಕೈ ಗಂಟಿಗೆ ಒತ್ತಬಾರದು, ಗಂಟಿನಿಂದ ಮೂರು ನಾಲ್ಕು ಬೆರಳು ಮುಂದೆ ಇರಲಿ. ಹೆಣ್ಣುಮಕ್ಕಳಿಗೆ, ಸಣ್ಣ ಮೈಯವರಿಗೆ ಕಂಪನಿ ಕೊಟ್ಟ ಅಳತೆ ದೊಡ್ಡದಾಗುತ್ತದೆ. ಒಳಗೆ ಫೋಮ್ ಅಂಟಿಸಿ, ವೆಲ್ಕ್ರೊ ಪಟ್ಟಿ ಬಿಗಿದರೆ ತೋಳು ಆಡುವುದಿಲ್ಲ. ತೋಳು ಆಡದಿದ್ದರೆ ಅರ್ಧ ಶ್ರಮ ಉಳಿಯಿತು.

• ಈಗ ಜನ ಎಡವುವ ಜಾಗಕ್ಕೆ ಬರೋಣ. "ಬ್ಯಾಟರಿ, ಕಂಟ್ರೋಲ್ ಡಬ್ಬಿ ಎಲ್ಲ ತೆಗೆದು ಸೊಂಟಕ್ಕೆ ಕಟ್ಟಿಬಿಡಿ, ಹಗುರಾಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಒಟ್ಟು ತೂಕ ಇಳಿಯುವುದು ನಿಜ. ಆದರೆ ಆ ಡಬ್ಬಿ ಮೊಣಕೈಯ ಹಿಂದೆ ಕೂತಿದ್ದರೆ ಅದು ಹೊರೆಯಲ್ಲ, ಎದುರು ತೂಕ. ನಮ್ಮ ಏತದ ಹಿಂದಿನ ತುದಿಯ ಕಲ್ಲು ಮಾಡುವ ಕೆಲಸವನ್ನೇ ಅದು ಮಾಡುತ್ತಿರುತ್ತದೆ. ಅದನ್ನು ತೆಗೆದರೆ ಮೂತಿ ಮೊದಲಿಗಿಂತ ಜಗ್ಗುತ್ತದೆ. ಡಬ್ಬಿ ಹಿಡಿಯ ಮುಂದಿದ್ದರೆ ಕಣ್ಣುಮುಚ್ಚಿ ಸೊಂಟಕ್ಕೆ ಸಾಗಿಸಿ. ಹಿಂದಿದ್ದರೆ ಕೊಕ್ಕೆ ತಕ್ಕಡಿಯ ಅಂಕಿ ನೋಡಿ ತೀರ್ಮಾನಿಸಿ.

• ಜಿಪಿಎಕ್ಸ್ 5000ದಂಥ ಯಂತ್ರಗಳ ಬ್ಯಾಟರಿ ಮೊದಲಿನಿಂದಲೂ ಬೆನ್ನ ಮೇಲೆಯೇ ಇರುತ್ತದೆ. ಕೆಲವರು ಅದನ್ನು ಬಿಟ್ಟು ಚಿಕ್ಕ ಲಿಥಿಯಂ ಬ್ಯಾಟರಿಯನ್ನು ಮೊಣಕೈ ತೊಟ್ಟಿಲ ಹಿಂದೆ ಕಟ್ಟುತ್ತಾರೆ. ಯಂತ್ರ ಭಾರವಾಗುತ್ತದೆ, ಕೈಗೆ ಮಾತ್ರ ಹಗುರ ಅನ್ನಿಸುತ್ತದೆ. ಬೆನ್ನಿನಿಂದ ಬರುವ ಸುರುಳಿ ವೈರಿನ ಎಳೆತವೂ ತಪ್ಪುತ್ತದೆ. ಒಳ್ಳೆಯ ಉಪಾಯವೇ, ವೋಲ್ಟೇಜ್ ಸರಿಹೊಂದುವ, ರಕ್ಷಣಾ ಸರ್ಕ್ಯೂಟ್ ಇರುವ ಬ್ಯಾಟರಿಯಾದರೆ.

ಮೈಮೇಲೆ ಹಾಕಿಕೊಳ್ಳುವುದು

• ಒಂದೇ ವಸ್ತುವಿಗೆ ದುಡ್ಡು ಹಾಕುವುದಾದರೆ ಹಾರ್ನೆಸ್‌ಗೆ ಹಾಕಿ. ಎರಡೂ ಭುಜದ ಮೇಲೆ ಬಂದು ಸೊಂಟಪಟ್ಟಿಗೆ ಸೇರುವಂಥದ್ದು ಬೇಕು. ಒಂಟಿ ಭುಜದ ಪಟ್ಟಿ ನೋವನ್ನು ತೋಳಿನಿಂದ ಕುತ್ತಿಗೆಗೆ ವರ್ಗ ಮಾಡುತ್ತದೆ, ಅಷ್ಟೇ. ಸೊಂಟಪಟ್ಟಿಯನ್ನು ಮೊದಲು ಬಿಗಿದು, ಆಮೇಲೆ ಭುಜದ ಪಟ್ಟಿ ಎಳೆಯಿರಿ. ಭಾರ ಸೊಂಟದ ಮೂಳೆಯ ಮೇಲೆ ಕೂರಬೇಕು.

• ಹಾರ್ನೆಸ್ಸಿನಿಂದ ಇಳಿಯುವ ಬಂಜಿ ಹಗ್ಗವನ್ನು ಹಿಡಿಯ ಮೇಲೆಯೇ ಸಿಕ್ಕಿಸಿದರೆ ಮೂತಿ ಜಗ್ಗುವುದು ನಿಲ್ಲುವುದಿಲ್ಲ. ಹಿಡಿಯಿಂದ ಮುಂದಕ್ಕೆ ಒಂದೊಂದೇ ಬೆರಳು ಸರಿಸುತ್ತ ಹೋಗಿ. ಒಂದು ಜಾಗದಲ್ಲಿ ಕೈ ಬಿಟ್ಟರೂ ಯಂತ್ರ ಸಮವಾಗಿ ತೇಲಿ ನಿಲ್ಲುತ್ತದೆ. ಅಲ್ಲಿ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ. ಕಾಯಿಲ್ ಬದಲಿಸಿದರೆ ಗುರುತೂ ಬದಲಾಗುತ್ತದೆ.

• ಕೈಬಿಟ್ಟಾಗ ಕಾಯಿಲ್ ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲಿರಬೇಕು. ಹಗ್ಗ ತೀರಾ ಬಿಗಿಯಾದರೆ ಬೀಸಿನ ಕೊನೆಯಲ್ಲಿ ಕಾಯಿಲ್ ಮೇಲಕ್ಕೆ ಹಾರುತ್ತದೆ. ಅಲ್ಲಿ ಹೋದ ಆಳ ಹೋಯಿತು. ಇಲ್ಲಿಯ ಬಿಸಿಲಿಗೆ ರಬ್ಬರ್ ಬೇಗ ಸತ್ತುಹೋಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.

• ಯಂತ್ರಕ್ಕೆ ಮೈ ಕಟ್ಟಿಹಾಕಿದ ಮೇಲೆ ಒಂದೇ ಚಿಟಿಕೆಗೆ ಬಿಚ್ಚುವ ಬಕಲ್ ಇರಲೇಬೇಕು, ಪ್ಲಾಸ್ಟಿಕ್‌ದು. ಈ ಸೀಮೆಯಲ್ಲಿ ಹಳೆಯ ಗಣಿಗುಂಡಿಗಳು ಪೊದೆಯ ಕೆಳಗೆ ಬಾಯಿ ತೆರೆದುಕೊಂಡಿರುತ್ತವೆ. ಬೇಸಿಗೆಯಲ್ಲಿ ಹಾವೂ ಉಂಟು. ಓಡಬೇಕಾದಾಗ ಗಂಟು ಬಿಚ್ಚುತ್ತ ಕೂರಲಾಗದು.

• ಮೈಮೇಲಿನ ಮಿಕ್ಕ ಸಾಮಾನನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿಕ್ಟೋರಿಯಾದ 'ಮೈನರ್ಸ್ ರೈಟ್' ಪರವಾನಗಿ ಹತ್ತು ವರ್ಷ ನಡೆಯುತ್ತದೆ, ಅದರಲ್ಲಿ ಕೈ ಹತಾರಕ್ಕೆ ಮಾತ್ರ ಅನುಮತಿ. ಹಾಗಾಗಿ ಪಿಕಾಸಿ ಹೊರಲೇಬೇಕು. ಕಾವು ಗಿಡ್ಡ, ತಲೆ ಹಗುರ ಇರುವುದನ್ನು ಆರಿಸಿ, ಬೀಸುವ ಕೈಯ ಎದುರು ಮಗ್ಗುಲಿಗೆ ಸಿಕ್ಕಿಸಿ. ನೀರಿನ ಭಾರ ಇಳಿಸಬೇಡಿ. ನೀರು ಬೆನ್ನಿಗೆ ಒತ್ತಿಕೊಂಡಿರಲಿ, ಅಷ್ಟೇ.

• ಹೆಡ್‌ಫೋನಿನ ವೈರು ಪೊದೆಗೆ ಸಿಕ್ಕಿ ಪ್ರತಿ ಸಲ ಕತ್ತನ್ನು ಎಳೆಯುತ್ತದೆ. ವೈರ್‌ಲೆಸ್ ಕಿಟ್ ಹಾಕಿ, ಭುಜದ ಮೇಲೆ ಸಣ್ಣ ಸ್ಪೀಕರ್ ಇಡಿ. ಹಾವು ಸರಿದ ಸದ್ದೂ ಕೇಳಿಸುತ್ತದೆ.

ಬೀಸುವ ರೀತಿ

• ಮೊಣಕೈ ಪಕ್ಕೆಗೆ ಹತ್ತಿರ ಇರಲಿ, ತಿರುಗುವುದು ಸೊಂಟದಿಂದ. ಮಣಿಕಟ್ಟಿನಿಂದ ಬೀಸುವವರ ಕಾಯಿಲ್ ಎರಡೂ ತುದಿಯಲ್ಲಿ ಎದ್ದೇಳುತ್ತದೆ, ಕೈಯೂ ಬೇಗ ಸೋಲುತ್ತದೆ.

• ಬೀಸು ಒಂದು ಮೀಟರಿಗಿಂತ ಅಗಲ ಬೇಡ. ಚಿನ್ನದ ಯಂತ್ರಗಳಿಗೆ ನಿಧಾನವೇ ಲೇಸು. ಅಗಲವಾಗಿ, ಜೋರಾಗಿ ಬೀಸಿದರೆ ಪ್ರತಿ ತಿರುವಿನಲ್ಲೂ ಆ ಭಾರವನ್ನು ತಡೆದು ಹಿಂದಕ್ಕೆ ತಳ್ಳುವ ಕೆಲಸ ನಿಮ್ಮ ಭುಜದ್ದು.

• ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಎಡಗೈ ಮೊದಲು ಸೊಟ್ಟಗೆ ಹೋಗುತ್ತದೆ, ಹೋಗಲಿ. ಕೆಲವು ವಾರದಲ್ಲಿ ಪಳಗುತ್ತದೆ.

ಮುಟ್ಟಬಾರದ್ದು

• ಕಾಯಿಲಿನ ವೈರನ್ನು ಕತ್ತರಿಸಿ ಉದ್ದ ಮಾಡಬೇಡಿ. ಕಾಯಿಲ್, ವೈರು, ಸರ್ಕ್ಯೂಟ್ ಮೂರನ್ನೂ ಒಂದಕ್ಕೊಂದು ಹೊಂದಿಸಿ ಮಾಡಿರುತ್ತಾರೆ. ಡಬ್ಬಿ ಸೊಂಟಕ್ಕೆ ಬರಬೇಕಾದರೆ ಉದ್ದ ವೈರಿನ ಕಾಯಿಲನ್ನೇ ಕೊಳ್ಳಿ. ಇರುವ ವೈರನ್ನು ಕೋಲಿಗೆ ಸುತ್ತಿ ವೆಲ್ಕ್ರೊದಿಂದ ಬಿಗಿಯಿರಿ; ಅಲ್ಲಾಡಿದರೆ ಸುಳ್ಳು ಸದ್ದು.

• ಸೀಲು ಮಾಡಿದ ಡಬ್ಬಿ ಬಿಚ್ಚಬೇಡಿ. ವಾರಂಟಿಯೂ ಹೋಗುತ್ತದೆ, ಮಳೆ ತಡೆಯುವ ಗುಣವೂ ಹೋಗುತ್ತದೆ. ಜಿಪಿಜೆಡ್‌ನಂಥ ಯಂತ್ರದಲ್ಲಿ ಒಳಗೆ ಇಳಿಸುವಂಥ ತೂಕ ನಿಮಗೇನೂ ಸಿಗುವುದಿಲ್ಲ.

• ಬ್ಯಾಟರಿಯ ವೈರು ಉದ್ದ ಮಾಡಬಹುದು, ದಪ್ಪ ವೈರಿನಲ್ಲಿ. ತೆಳು ವೈರು ಹಾಕಿದರೆ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಪಶ್ಚಿಮದ ಕಲ್ಗೂರ್ಲಿಗೆ ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್‌ಇನ್ ಲಗೇಜಿಗೆ ಹಾಕುವಂತಿಲ್ಲ.

• ಕಂಪನಿಯ ಕೋಲಿಗೆ ಗರಗಸ ಇಡಬೇಡಿ. ಕತ್ತರಿಸಲೇಬೇಕಿದ್ದರೆ ಇನ್ನೊಂದು ತಂದು ಕತ್ತರಿಸಿ. ತೆಗೆದ ಬಿಡಿಭಾಗವೆಲ್ಲ ಒಂದು ಡಬ್ಬದಲ್ಲಿರಲಿ. ನಾಳೆ ಯಂತ್ರ ಮಾರುವಾಗ ಕೊಳ್ಳುವವನು ಅದನ್ನೇ ಮೊದಲು ಕೇಳುತ್ತಾನೆ.

ಕೊನೆಯ ಮಾತು

• ಇಷ್ಟೆಲ್ಲ ಮಾಡಿಯೂ ಕೈ ಸೋಲುತ್ತದೆ ಅಂದರೆ ಯಂತ್ರ ಬದಲಿಸಿ, ಅದರಲ್ಲಿ ಅವಮಾನವಿಲ್ಲ. 2021ರಲ್ಲಿ ಬಂದ ಜಿಪಿಎಕ್ಸ್ 6000 ಸುಮಾರು 2.1 ಕಿಲೋ. ಆಳದ ದೊಡ್ಡ ಗಟ್ಟಿಗೆ 7000 ಮೇಲು ಅನ್ನುವವರಿದ್ದಾರೆ. ಮಧ್ಯಾಹ್ನಕ್ಕೇ ಕಾರಿನಲ್ಲಿ ಕೂತುಬಿಡುವವನ ಕೈಯಲ್ಲಿ ಯಾವ ಯಂತ್ರವೂ ಮೇಲಲ್ಲ.

• ಬೆರಳು ಜೋಮು ಹಿಡಿದರೆ, ರಾತ್ರಿ ಮಗ್ಗುಲು ಬದಲಿಸುವಾಗ ಭುಜ ಚುಚ್ಚಿದರೆ, ಅದಕ್ಕೆ ಬಂಜಿ ಹಗ್ಗ ಔಷಧವಲ್ಲ. ಯಂತ್ರ ಕೆಳಗಿಟ್ಟು ಫಿಸಿಯೋ ಹತ್ತಿರ ಹೋಗಿ, ಅವರು ಹೇಳಿದಷ್ಟು ದಿನ ಬಿಡುವು ಕೊಡಿ. ಚಿನ್ನ ಅಲ್ಲೇ ಇರುತ್ತದೆ. ಭುಜ ಒಮ್ಮೆ ಕೆಟ್ಟರೆ ರಿಪೇರಿಗೆ ತಿಂಗಳುಗಟ್ಟಲೆ ಬೇಕು.