ಅಂಗಳಕ್ಕೆ ಬಂದ ನಾಯಿಮರಿ: ಮೊದಲ ಆರು ತಿಂಗಳಲ್ಲಿ ಏನೇನು ಮಾಡಬೇಕು?

ನಾಡು ನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಗೆ ಬೆದೆಗೆ ಬರುತ್ತವೆ. ಎರಡು ತಿಂಗಳ ಗರ್ಭ ಕಳೆದು ಅಡಿಕೆ ಕೊಯ್ಲಿನ ಹೊತ್ತಿಗೆ ಮರಿ ಹಾಕುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಿಗೆ ಮರಿಗಳು ಬರುವ ಕಾಲವೂ ಅದೇ. ನೆಂಟರ ಹಟ್ಟಿಯಿಂದ ರಟ್ಟಿನ ಪೆಟ್ಟಿಗೆಯಲ್ಲಿ, ಸ್ಕೂಟರಿನ ಮುಂದೆ ಕೂತು ಬರುತ್ತದೆ. ಇಳಿದ ಕ್ಷಣವೇ ಅದಕ್ಕೊಂದು ನೌಕರಿ: ತೋಟಕ್ಕೆ ಮಂಗ ಬಾರದಂತೆ, ಅಂಗಳಕ್ಕೆ ಕಳ್ಳ ಬಾರದಂತೆ ಕಾಯುವುದು. ಸಂಬಳವಾಗಿ ಒಂದು ಸಂಕೋಲೆ ಮತ್ತು ಉಳಿದ ಅನ್ನ.

ಎಡವಟ್ಟು ಶುರುವಾಗುವುದು ಇಲ್ಲಿಂದಲೇ. ಬೊಗಳುವುದನ್ನು ಯಾವ ನಾಯಿಗೂ ಕಲಿಸಬೇಕಾಗಿಲ್ಲ, ವಯಸ್ಸಿಗೆ ಬಂದಾಗ ತಾನಾಗಿ ಬೊಗಳುತ್ತದೆ. ಯಾರಿಗೆ ಬೊಗಳಬಾರದು, ಯಾವುದಕ್ಕೆ ಹೆದರಬಾರದು ಎಂಬುದನ್ನು ಮಾತ್ರ ನಾವು ಕಲಿಸಬೇಕು. ಅದಕ್ಕೆ ಸಿಗುವ ಸಮಯ ತೀರಾ ಕಡಿಮೆ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆ ದಿನಗಳಲ್ಲಿ ಕಂಡು ಕೇಳಿದ್ದೆಲ್ಲ ಅದಕ್ಕೆ ಸಹಜ. ಕಾಣದೆ ಉಳಿದದ್ದು ಮುಂದೆ ಭಯವಾಗುತ್ತದೆ, ಭಯ ಬೆಳೆದರೆ ಕಚ್ಚುವ ಬಾಯಾಗುತ್ತದೆ.

ತರುವ ಮೊದಲು

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರೆ ಮಾಡಬೇಡಿ. ನಾಯಿ ತಳಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಅಂಥ ಮರಿಯನ್ನು ಮಾರುವಂತೆಯೇ ಇಲ್ಲ. ‘ಸಣ್ಣದರಲ್ಲೇ ತಂದರೆ ಬೇಗ ಒಗ್ಗುತ್ತದೆ’ ಎಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ, ಅದನ್ನು ನಂಬಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನು ಮರಿ ಕಲಿಯುವುದು ಒಡಹುಟ್ಟಿದವರ ಜತೆಗಿನ ಜಗಳದಲ್ಲಿ.

ತಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಏಪ್ರಿಲ್‌ನಲ್ಲಿ ಕೂತಲ್ಲೇ ಬೆವರುವ ಈ ಜಿಲ್ಲೆಗೆ ಹಸ್ಕಿ ಹೇಳಿದ್ದಲ್ಲ. ಮೂತಿ ಚಪ್ಪಟೆಯಾದ ಪಗ್ ಸೆಕೆಗೆ ಉಸಿರಾಡಲು ಕಷ್ಟಪಡುತ್ತದೆ. ನಮ್ಮದೇ ರಾಜ್ಯದ ಹೆಮ್ಮೆಯ ಮುಧೋಳ ನಾಯಿ ಬಯಲುಸೀಮೆಯ ಓಟಗಾರ, ಐದು ಸೆಂಟ್ಸ್ ಅಂಗಳದಲ್ಲಿ ಅದನ್ನು ಕಟ್ಟಿಹಾಕುವುದು ಅನ್ಯಾಯ. ಮೊದಲ ಬಾರಿ ಸಾಕುವವರಿಗೆ ಊರ ನಾಯಿಯ ಮರಿಯೇ ಸರಿ. ಮೈಗೂದಲು ಗಿಡ್ಡ, ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತದೆ, ಊರ ಹವೆಗೆ ಹೊಂದಿಕೊಂಡ ದೇಹ.

ಮರಿ ಬರುವ ಮುನ್ನ ಅಂಗಳಕ್ಕೊಂದು ಸುತ್ತು ಹಾಕಿ. ಇಲಿ ಪಾಷಾಣ ಎಲ್ಲಿಟ್ಟಿದ್ದೀರಿ ನೆನಪು ಮಾಡಿಕೊಳ್ಳಿ. ಕೊಳೆರೋಗಕ್ಕೆ ಬೋರ್ಡೋ ಕಲಸುವ ಡ್ರಮ್ಮಿನ ಸುತ್ತ ನಿಂತ ನೀಲಿ ನೀರನ್ನು ಮರಿ ನೆಕ್ಕದೆ ಬಿಡುವುದಿಲ್ಲ, ಅದರಲ್ಲಿರುವ ಮೈಲುತುತ್ತು ವಿಷ. ಒಣಗಲು ಹರವಿದ ಅಡಿಕೆಯೂ ಅಷ್ಟೇ. ಹಲ್ಲು ಬರುವ ಮರಿಗೆ ಅಡಿಕೆ ಒಳ್ಳೆಯ ಆಟಿಕೆಯಂತೆ ಕಾಣುತ್ತದೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳು ಕೆಡವಲು ಮದ್ದಾಗಿಯೇ ಕೊಡುತ್ತಿದ್ದರು. ಕರುಳನ್ನು ಅಷ್ಟು ಜೋರಾಗಿ ಹಿಂಡುವ ವಸ್ತು ಅದು. ಎರಡು ಕಿಲೋ ತೂಗದ ಮರಿ ಜಗಿದು ನುಂಗಿದರೆ ಜೊಲ್ಲು, ವಾಂತಿ, ಭೇದಿ ಶುರುವಾಗಬಹುದು. ಅಂಗಳದಲ್ಲಿ ಅಡಿಕೆ ಇರುವಷ್ಟು ದಿನ ಮರಿಗೆ ಬೇರೆ ಜಾಗ ಮಾಡಿ.

ಮೊದಲ ವಾರ

ಮೊದಲ ರಾತ್ರಿ ಅಳುತ್ತದೆ. ಹಟ್ಟಿಯ ಮೂಲೆಗೆ ತಳ್ಳಿ ಬಾಗಿಲು ಹಾಕಿದರೆ ಇನ್ನಷ್ಟು ಅಳುತ್ತದೆ. ಮನೆಯವರು ಮಲಗುವ ಕೋಣೆಯ ಹತ್ತಿರ, ರಟ್ಟಿನ ಪೆಟ್ಟಿಗೆಯಲ್ಲಿ ಒಣ ಗೋಣಿ, ಅದರ ಮೇಲೊಂದು ಹಳೆಯ ಬಟ್ಟೆ ಹಾಸಿ ಮಲಗಿಸಿ. ತಾಯಿಯ ಹಾಸಿಗೆಯ ಬಟ್ಟೆ ಚೂರೊಂದನ್ನು ತಂದಿದ್ದರೆ ಇನ್ನೂ ಒಳ್ಳೆಯದು. ನಾಲ್ಕಾರು ದಿನಗಳಲ್ಲಿ ಸುಮ್ಮನಾಗುತ್ತದೆ.

ಊಟ ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಬಾರಿ, ಮೂರು ತಿಂಗಳ ನಂತರ ಮೂರು ಬಾರಿ, ಆರು ತಿಂಗಳ ಮೇಲೆ ಎರಡು ಬಾರಿ. ಕುಚ್ಚಲಕ್ಕಿ ಅನ್ನ ಬೇಡವೆಂದಲ್ಲ, ಬರೀ ಅನ್ನ ಬೇಡ. ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಕೋಳಿ, ಮುಳ್ಳು ಬಿಡಿಸಿದ ಬೂತಾಯಿ ಅಥವಾ ಬಂಗುಡೆ ಬೆರೆಸಿ. ಉಪ್ಪು, ಖಾರ, ನೀರುಳ್ಳಿ, ಬೆಳ್ಳುಳ್ಳಿ ಸೇರಿದ ಸಾರಿನ ಅನ್ನ ಕೂಡದು. ನೀರುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆಯುತ್ತದೆ. ಒಣಮೀನಿನಲ್ಲಿ ಉಪ್ಪು ಜಾಸ್ತಿ. ಬೇಯಿಸಿದ ಕೋಳಿ ಎಲುಬು ಸೀಳಿ ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತದೆ. ದ್ರಾಕ್ಷಿ, ಚಾಕಲೇಟನ್ನು ಮಕ್ಕಳು ಪ್ರೀತಿಯಿಂದ ಕೊಡುತ್ತಾರೆ, ಅವರಿಗೆ ಮೊದಲೇ ಹೇಳಿಡಿ. ದನದ ಹಾಲು ಕುಡಿದು ಭೇದಿಯಾದರೆ ಹಾಲು ನಿಲ್ಲಿಸಿ, ಅದಿಲ್ಲದೆಯೂ ಮರಿ ಬೆಳೆಯುತ್ತದೆ.

ಲಸಿಕೆ ಮತ್ತು ಹುಳದ ಮದ್ದು

ತಂದ ಮೂರು ನಾಲ್ಕು ದಿನಗಳೊಳಗೆ ತಾಲೂಕು ಪಶು ಆಸ್ಪತ್ರೆಗೋ ಖಾಸಗಿ ಪಶುವೈದ್ಯರ ಬಳಿಗೋ ಒಯ್ಯಿರಿ. ಜಂತುಹುಳದ ಮದ್ದು ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಪ್ರಮಾಣ ಮರಿಯ ತೂಕ ನೋಡಿ ವೈದ್ಯರು ಹೇಳಿದಷ್ಟೇ.

ಹಲವು ರೋಗಗಳಿಗೆ ಒಟ್ಟಾಗಿ ಹಾಕುವ ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರು. ಮೂರು ನಾಲ್ಕು ವಾರಗಳಿಗೊಮ್ಮೆ ಮರುಚುಚ್ಚುಮದ್ದು, ಹದಿನಾರನೇ ವಾರದವರೆಗೆ. ‘ಒಂದು ಇಂಜೆಕ್ಷನ್ ಕೊಡಿಸಿದ್ದೇವೆ, ಸಾಕು’ ಎಂದು ನಿಲ್ಲಿಸಿದ ಮನೆಗಳಲ್ಲೇ ಪಾರ್ವೊ ರೋಗಕ್ಕೆ ಮರಿಗಳು ಬಲಿಯಾಗುವುದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆಯ ಕೆಲಸಕ್ಕೆ ಅಡ್ಡಿಯಾಗಬಹುದು, ಅದಕ್ಕಾಗಿಯೇ ಮರುಚುಚ್ಚುಮದ್ದು. ಮರಿ ಊಟ ಬಿಟ್ಟು, ಮತ್ತೆ ಮತ್ತೆ ವಾಂತಿ ಮಾಡಿ, ದುರ್ವಾಸನೆಯ ರಕ್ತಭೇದಿ ಮಾಡಿದರೆ ಕಷಾಯ ಕುಡಿಸುತ್ತ ಕೂರಬೇಡಿ. ಮರುದಿನಕ್ಕೆ ಕಾಯುವ ರೋಗವಲ್ಲ ಅದು.

ನಮ್ಮ ಜಿಲ್ಲೆಯಲ್ಲಿ ಪ್ರತಿ ಮಳೆಗಾಲ ಇಲಿಜ್ವರದ ಸುದ್ದಿ ಇದ್ದದ್ದೇ. ಆ ರೋಗ ನಾಯಿಗೂ ಬರುತ್ತದೆ, ಅದರ ಮೂತ್ರದಿಂದ ಮನುಷ್ಯರಿಗೂ ತಗಲುತ್ತದೆ. ಆದ್ದರಿಂದ ಲಸಿಕೆಯಲ್ಲಿ ಇಲಿಜ್ವರದ್ದೂ ಸೇರಿದೆಯೇ ಎಂದು ಕೇಳಿಯೇ ಹಾಕಿಸಿ. ಔಷಧದ ಅಂಗಡಿಯಿಂದ ಲಸಿಕೆ ತಂದು ಮನೆಯಲ್ಲೇ ಚುಚ್ಚುವ ಉಳಿತಾಯ ಬೇಡ. ದಿನವಿಡೀ ಕರೆಂಟಿಲ್ಲದ ಆಟಿ ತಿಂಗಳಲ್ಲಿ ಫ್ರಿಜ್ಜಿನೊಳಗೆ ಅದು ಎಷ್ಟು ಹೊತ್ತು ತಂಪಾಗಿತ್ತೋ ಯಾರಿಗೆ ಗೊತ್ತು?

ರೇಬಿಸ್ ಲಸಿಕೆ ಮೂರು ತಿಂಗಳಿಗೆ, ವೈದ್ಯರು ಹೇಳಿದ ದಿನ ಮರುಚುಚ್ಚುಮದ್ದು, ಆಮೇಲೆ ವರ್ಷ ವರ್ಷವೂ. ಲಸಿಕೆ ಪೂರ್ತಿಯಾಗುವ ಮೊದಲು ಮರಿಯ ಹಲ್ಲೋ ಉಗುರೋ ತಾಗಿ ಮಕ್ಕಳ ಚರ್ಮ ಹರಿದರೆ ‘ಮರಿ ಅಲ್ಲವಾ’ ಎಂದು ಬಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯಕ್ಕೆ ಅರಸಿನ, ಸುಣ್ಣ ಮೆತ್ತುವುದು ಬೇಡ. ಬೈಗುಳಕ್ಕೆ ಹೆದರಿ ಮಕ್ಕಳು ಗೀರನ್ನು ಮುಚ್ಚಿಡುತ್ತಾರೆ. ಹೇಳಿದರೆ ಬೈಯುವುದಿಲ್ಲ ಎಂದು ಮೊದಲ ದಿನವೇ ಮಾತು ಕೊಡಿ.

ಇನ್ನು ಉಣ್ಣಿ. ಸಂಜೆಗೊಮ್ಮೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಬೆರಳಾಡಿಸಿ ನೋಡಿ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಹಟ್ಟಿಯ ದನಗಳಿಗೆ ತಂದ ಉಣ್ಣಿ ಮದ್ದನ್ನು ಅಂದಾಜಿಗೆ ಕಲಸಿ ಮರಿಯ ಮೈಗೆ ಸುರಿಯುವುದು ಎರಡೂ ಅಪಾಯ. ಜ್ವರ, ಬಿಳಿಚಿದ ಒಸಡು, ಮೂಗಿನಿಂದ ರಕ್ತ ಕಂಡರೆ ಉಣ್ಣಿಯಿಂದ ಬರುವ ಜ್ವರವಿರಬಹುದು.

ಹೇಲು-ಉಚ್ಚೆಯ ಪಾಠ

ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ಮುಗಿದ ಕೂಡಲೇ: ಈ ಮೂರು ಹೊತ್ತು ಮರಿಯನ್ನು ಎತ್ತಿ ಒಂದೇ ಜಾಗಕ್ಕೆ ಒಯ್ಯಿರಿ. ಎರಡು ತಿಂಗಳ ಮರಿ ಹಗಲಲ್ಲಿ ಎರಡು ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ. ಕೆಲಸ ಮುಗಿಸಿದ ಕ್ಷಣದಲ್ಲೇ ಹೊಗಳಿ, ಮೊಟ್ಟೆಯ ಚೂರು ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾಕೆ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ. ಒಳಗೆ ಮಾಡಿಕೊಂಡರೆ ಮೂಗು ತಿಕ್ಕುವ, ಹೊಡೆಯುವ ಪದ್ಧತಿ ಬಿಡಿ. ಅದರಿಂದ ಮರಿ ಕಲಿಯುವುದು ಒಂದೇ, ನಿಮಗೆ ಕಾಣದಂತೆ ಮಂಚದ ಅಡಿಯಲ್ಲಿ ಮಾಡುವುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪಾಠಕ್ಕೆ ಮಳೆಯೇ ವೈರಿ. ಧೋ ಎಂದು ಸುರಿಯುವಾಗ ಮರಿ ಅಂಗಳಕ್ಕೆ ಕಾಲಿಡುವುದಿಲ್ಲ. ಹಟ್ಟಿಯ ಮಾಡಿನ ಕೆಳಗೋ ಶೀಟು ಹಾಕಿದ ಬದಿಯಲ್ಲೋ ಎರಡು ಬುಟ್ಟಿ ಮಣ್ಣು ಹರವಿ ಜಾಗ ಮಾಡಿಕೊಡಿ. ಮಣ್ಣನ್ನು ಆಗಾಗ ಬದಲಿಸಿ.

ಕರೆದರೆ ಬರುವುದು

ಒಂದೇ ಪಾಠ ಕಲಿಸಲು ಪುರುಸೊತ್ತಿದ್ದರೆ ಇದನ್ನು ಕಲಿಸಿ. ಮೊದಲು ಮನೆಯವರೆಲ್ಲ ಸೇರಿ ಶಬ್ದ ಯಾವುದೆಂದು ತೀರ್ಮಾನಿಸಬೇಕು. ಅಜ್ಜಿ ತುಳುವಿನಲ್ಲಿ ‘ಬಲ’ ಎನ್ನುತ್ತಾರೆ, ಅಪ್ಪ ‘ಬಾ’, ಮೊಮ್ಮಗ ‘ಕಮ್’. ಮೂರೂ ಒಂದೇ ಎಂದು ಮರಿಗೆ ಗೊತ್ತಾಗುವುದು ಹೇಗೆ? ಮನೆಯಲ್ಲಿ ಹೆಚ್ಚು ಹೊತ್ತು ಇರುವವರ ಮಾತನ್ನೇ ಎಲ್ಲರೂ ಹಿಡಿಯಲಿ. ಹೆಚ್ಚಿನ ಮನೆಗಳಲ್ಲಿ ಅದು ಅಜ್ಜಿಯ ತುಳುವೇ.

ಚಾವಡಿಯ ಎರಡು ತುದಿಯಲ್ಲಿ ಇಬ್ಬರು ನೆಲಕ್ಕೆ ಕೂತು, ಇಬ್ಬರ ಕೈಯಲ್ಲೂ ಮೊಟ್ಟೆಯ ಚೂರು ಇಟ್ಟುಕೊಳ್ಳಿ. ಒಬ್ಬರು ಹೆಸರು ಹಿಡಿದು ‘ಬಲ’ ಎನ್ನಿ, ಒಮ್ಮೆ ಮಾತ್ರ. ಮರಿ ಬಂದರೆ ಕೊರಳಪಟ್ಟಿ ಮುಟ್ಟಿ, ಆಮೇಲೆ ಚೂರು ಕೊಡಿ. ಪಟ್ಟಿ ಮುಟ್ಟುವುದನ್ನು ಮರೆಯಬೇಡಿ, ಇಲ್ಲವಾದರೆ ಮರಿ ತಿಂಡಿ ಕಸಿದು ಕೈಗೆ ಸಿಗದೆ ಓಡುವುದನ್ನು ಕಲಿಯುತ್ತದೆ. ಈಗ ಇನ್ನೊಬ್ಬರು ಕರೆಯಲಿ. ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಬಾರಿ. ವಾರದ ನಂತರ ಅಂಗಳದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ತೋಟದಲ್ಲಿ. ಕರೆದು ಹೊಡೆಯುವುದು, ಕರೆದು ಸಂಕೋಲೆ ಹಾಕುವುದು ಮಾಡಿದರೆ ಕಲಿತದ್ದು ಒಂದೇ ದಿನಕ್ಕೆ ಮಣ್ಣುಪಾಲು.

ಕೋಳಿ ಇರುವ ಮನೆಯಲ್ಲಿ ಇದೇ ಪಾಠ ಮುಂದುವರಿಯುತ್ತದೆ. ಮರಿಗೆ ಹಗ್ಗ ಹಾಕಿ, ಗೂಡಿನಲ್ಲಿರುವ ಕೋಳಿಗಳಿಂದ ದೂರದಲ್ಲಿ ಕೂತುಕೊಳ್ಳಿ. ಕೋಳಿ ನೋಡಿ ಮತ್ತೆ ನಿಮ್ಮತ್ತ ತಿರುಗಿದಾಗಲೆಲ್ಲ ತಿಂಡಿ. ದಿನ ಕಳೆದಂತೆ ಹತ್ತಿರ ಹೋಗಿ. ಒಮ್ಮೆ ಕೋಳಿ ಹಿಡಿದು ರುಚಿ ಕಂಡ ನಾಯಿಯನ್ನು ತಿದ್ದುವುದು ಬಲು ಕಷ್ಟ. ಸತ್ತ ಕೋಳಿಯನ್ನು ಅದರ ಕೊರಳಿಗೆ ಕಟ್ಟುವ ಹಳೆಯ ಶಿಕ್ಷೆಯಿಂದ ಯಾವ ನಾಯಿಯೂ ಬುದ್ಧಿ ಕಲಿತದ್ದಿಲ್ಲ.

ಕೈ ಕಾಲು ಕಚ್ಚುವುದು ಹಲ್ಲು ಬದಲಾಗುವವರೆಗೆ ಇರುತ್ತದೆ. ನಾಲ್ಕರಿಂದ ಆರು ತಿಂಗಳಲ್ಲಿ 28 ಹಾಲುಹಲ್ಲು ಉದುರಿ 42 ಹಲ್ಲು ಬರುತ್ತವೆ. ಕಚ್ಚಿದ ಕೂಡಲೇ ಆಟ ನಿಲ್ಲಿಸಿ ಎದ್ದು ಹೋಗಿ, ಬದಲಿಗೆ ಗಂಟು ಹಾಕಿದ ದಪ್ಪ ಬಟ್ಟೆ ಕೊಡಿ.

ಬಸ್ಸು, ಚೆಂಡೆ, ಗರ್ನಾಲು

ಲಸಿಕೆ ಪೂರ್ತಿಯಾಗುವವರೆಗೆ ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸಬಾರದು. ಹಾಗೆಂದು ಮನೆಯಲ್ಲೇ ಕೂಡಿಹಾಕಿದರೆ ಆ ಹದಿನಾಲ್ಕು ವಾರ ಮುಗಿದೇ ಹೋಗುತ್ತದೆ. ದಾರಿ ಸುಲಭ: ಎತ್ತಿಕೊಂಡು ಹೋಗಿ. ಬಿ.ಸಿ.ರೋಡಿನ ಬಸ್ಸುಗಳ ಹಾರ್ನ್, ಗುರುವಾಯನಕೆರೆಯ ಪೇಟೆ, ಶಾಲೆ ಬಿಟ್ಟು ಬರುವ ಮಕ್ಕಳು, ಹೆಲ್ಮೆಟ್ ಹಾಕಿದವರು, ಕೊಡೆ ಬಿಚ್ಚುವವರು, ಬುರ್ಖಾ ತೊಟ್ಟವರು, ಮೀನಿನ ಸ್ಕೂಟರ್ ಎಲ್ಲವನ್ನೂ ಕಂಕುಳಲ್ಲಿ ಕೂತೇ ನೋಡಲಿ.

ನಮ್ಮ ಕಡೆ ದೀಪಾವಳಿಯಿಂದ ಪತ್ತನಾಜೆಯವರೆಗೆ ಕೋಲ, ಜಾತ್ರೆ, ಯಕ್ಷಗಾನ ಒಂದರ ಹಿಂದೊಂದು. ಗರ್ನಾಲಿನ ಸದ್ದಿಗೆ ಬೇಲಿ ಹಾರಿ ದಿಕ್ಕು ತಪ್ಪುವ ನಾಯಿಗಳಿಗೆ ಲೆಕ್ಕವಿಲ್ಲ. ಮರಿ ಉಣ್ಣುವಾಗ ಮೊಬೈಲಿನಲ್ಲಿ ಚೆಂಡೆಯ ಸದ್ದನ್ನು ತೀರಾ ಮೆಲ್ಲಗೆ ಹಾಕಿ, ದಿನ ದಿನಕ್ಕೆ ಸ್ವಲ್ಪ ಏರಿಸಿ. ಉಣ್ಣುವುದು ನಿಲ್ಲಿಸಿದರೆ ಸದ್ದು ತಗ್ಗಿಸಿ.

ಸಂಕೋಲೆ ಮತ್ತು ರಾತ್ರಿ

ಹಗಲಿಡೀ ಕಟ್ಟಿ ರಾತ್ರಿ ಬಿಡುವ ಕ್ರಮ ನಮ್ಮಲ್ಲಿ ಎಷ್ಟು ಹಳೆಯದೆಂದರೆ, ಅದು ತಪ್ಪು ಎಂದರೆ ಜನ ನಗುತ್ತಾರೆ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಗೆ ಸಾಕಷ್ಟು ಓಡಾಟ ಕೊಡದ ಯಜಮಾನ ಅಪರಾಧಿ. ಕಾನೂನು ಬದಿಗಿರಲಿ, ಕಟ್ಟಿದ ನಾಯಿಗೆ ದಾರಿಹೋಕರೆಲ್ಲ ಶತ್ರುಗಳಾಗಿಯೇ ಕಾಣುತ್ತಾರೆ. ರಾತ್ರಿ ಬಿಟ್ಟಾಗ ಅದು ಅಟ್ಟಿಸಿಕೊಂಡು ಹೋಗುವುದು ಕಳ್ಳನನ್ನಲ್ಲ, ಬೆಳಗ್ಗೆ ಹಾಲು ಡೈರಿಗೆ ಹೋಗುವ ಪಕ್ಕದ ಮನೆಯವರನ್ನು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹಗ್ಗ ಹಿಡಿದು ನಡೆಸಿ, ಉಳಿದ ಹೊತ್ತಿಗೆ ಬೇಲಿ ಹಾಕಿದ ಜಾಗ ಇರಲಿ.

ಚಾರ್ಮಾಡಿ, ನೆರಿಯ, ಮಲವಂತಿಗೆ, ನಾರಾವಿಯಂಥ ಕಾಡಂಚಿನ ಊರುಗಳಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಎಂದರೆ ಚಿರತೆಗೆ ಬಡಿಸಿಟ್ಟ ಊಟ. ತಪ್ಪಿಸಿಕೊಳ್ಳಲು ಸಂಕೋಲೆ ಬಿಡುವುದಿಲ್ಲ. ಗಟ್ಟಿ ಕಬ್ಬಿಣದ ಗೂಡಿನಲ್ಲೋ ಮನೆಯೊಳಗೋ ಮಲಗಿಸಿ. ಒಳಗಿಂದ ಬೊಗಳಿದರೂ ನಿಮಗೆ ಎಚ್ಚರವಾಗುತ್ತದೆ.

ಕೊನೆಗೆ ಹೆಣ್ಣುಮರಿಯ ಮಾತು. ಗಂಡುಮರಿಗಳನ್ನು ಕೇಳಿ ಒಯ್ಯುವವರಿದ್ದಾರೆ. ಹೆಣ್ಣುಮರಿಗಳನ್ನು ಚೀಲದಲ್ಲಿ ಕಟ್ಟಿ ಮಾರ್ಕೆಟಿನ ಹಿಂದೆಯೋ ಹೆದ್ದಾರಿ ಬದಿಯೋ ಬಿಟ್ಟು ಬರುತ್ತಾರೆ. ಮನೆ ಕಾಯುವುದರಲ್ಲಿ ಹೆಣ್ಣು ಯಾವ ಗಂಡಿಗೂ ಕಡಿಮೆಯಲ್ಲ, ಊರೆಲ್ಲ ಅಲೆಯುವ ಚಾಳಿಯೂ ಅದಕ್ಕೆ ಕಡಿಮೆ. ಮರಿ ಹಾಕುತ್ತದೆಂಬ ಚಿಂತೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಇದೆ. ಆರು ತಿಂಗಳ ಹೊತ್ತಿಗೆ ಪಶುವೈದ್ಯರನ್ನು ಕೇಳಿ ದಿನ ನಿಗದಿ ಮಾಡಿಸಿಕೊಳ್ಳಿ. ಈ ಸಲ ಮರಿ ತರುವ ಮನಸ್ಸಿದ್ದರೆ, ಯಾರೂ ಕೇಳದ ಆ ಹೆಣ್ಣುಮರಿಯನ್ನೇ ಮನೆಗೆ ತನ್ನಿ.