ಪಕ್ಕದ ಮನೆಗೆ ಜರ್ಮನಿಯವರು ಬಂದಿದ್ದರೆ

ಅಮೆರಿಕದಲ್ಲಿ ನಿಮ್ಮ ಪಕ್ಕದ ಮನೆಗೆ ಜರ್ಮನಿಯಿಂದ ಹೊಸದಾಗಿ ಯಾರಾದರೂ ಬಂದಿದ್ದರೆ, ‘ಹೌ ಆರ್ ಯೂ’ ಎಂದು ಕೇಳಿ ಹಾಗೇ ಮುಂದೆ ಹೋಗಬೇಡಿ. ಒಂದು ನಿಮಿಷ ನಿಲ್ಲಿ. ಅವರ ಊರಿನಲ್ಲಿ ಅದು ನಿಜವಾದ ಪ್ರಶ್ನೆ. ನಮ್ಮ ‘ಊಟ ಆಯ್ತಾ’ ಇದ್ದಂತೆ ಇಲ್ಲಿ ಅದು ಬರೀ ಮಾತಿನ ಆರಂಭ ಎಂದು ತಿಳಿಯಲು ಅವರಿಗೆ ಸಮಯ ಬೇಕು. ಬೆನ್ನುನೋವಿನ ವಿಷಯ ಹೇಳಲು ಶುರುಮಾಡಿದವರನ್ನು ಅರ್ಧಕ್ಕೇ ಬಿಟ್ಟು ಹೋದರೆ ನಿಜಕ್ಕೂ ನೊಂದುಕೊಳ್ಳುತ್ತಾರೆ.

ಅಂಗಡಿಗೆ ಮೊದಲ ಸಲ ಜೊತೆಯಲ್ಲಿ ಹೋಗಿ. ಜರ್ಮನಿಯಲ್ಲಿ ನಮೂದಿಸಿದ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ. ಇಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಬಿಲ್ ಹಾಕುವಾಗ ಸೇರಿಸುತ್ತಾರೆ. ಸರಿಯಾಗಿ ಚಿಲ್ಲರೆ ಎಣಿಸಿ ಹಿಡಿದು ನಿಂತವರು ತಬ್ಬಿಬ್ಬಾಗುತ್ತಾರೆ. ಹೋಟೆಲಿನ ಟಿಪ್ಸ್ ವಿಚಾರವನ್ನೂ ಮೊದಲೇ ಹೇಳಿಬಿಡಿ: ಅಲ್ಲಿ ಶೇ. 5ರಿಂದ 10 ಸಾಕು, ಇಲ್ಲಿ ಶೇ. 18–20 ವಾಡಿಕೆ. ಬಡಿಸುವವರ ಸಂಪಾದನೆಯ ದೊಡ್ಡ ಪಾಲು ಅದೇ.

ಭಾನುವಾರ ಅವರಿಗೆ ಇನ್ನೂ ಕಷ್ಟ. ಅಲ್ಲಿ ಅಂದು ಹೆಚ್ಚಿನ ಅಂಗಡಿಗಳಿಗೆ ಬೀಗ, ಹುಲ್ಲು ಕತ್ತರಿಸುವ ಯಂತ್ರದ ಸದ್ದೂ ಇಲ್ಲ. ಆ ಮೌನದಲ್ಲಿ ಬೆಳೆದವರ ಕಿಟಕಿಯ ಪಕ್ಕದಲ್ಲೇ ಬೆಳಿಗ್ಗೆ ಯಂತ್ರ ಶುರುಮಾಡಬೇಡಿ.

ಬ್ರೆಡ್ಡಿನ ವಿಷಯವಂತೂ ನಾನು ಕಣ್ಣಾರೆ ಕಂಡದ್ದು. ನಮ್ಮ ನೆರೆಮನೆಯಾಕೆ ಅಂಗಡಿಯಲ್ಲಿ ಬಿಳಿ ಬ್ರೆಡ್ಡನ್ನು ಬೆರಳಿನಿಂದ ಒತ್ತಿದರು. ಅದು ಸ್ಪಂಜಿನಂತೆ ಮೇಲೆದ್ದಿತು. ಮಾತಾಡದೆ ಇದ್ದಲ್ಲೇ ಇಟ್ಟುಬಿಟ್ಟರು. ಮರುವಾರ ಊರಾಚೆಯ ಬೇಕರಿಯಿಂದ ರೈ ಹಿಟ್ಟಿನ ಗಟ್ಟಿ ಬ್ರೆಡ್ ತಂದುಕೊಟ್ಟೆ. ಅದನ್ನು ಮೂಸಿ ನೋಡಿದವರ ಕಣ್ಣು ತುಂಬಿತು. ಆ ಸಂಜೆ ಬೆಣ್ಣೆ, ಚಾಕು ತಂದಿಟ್ಟು ನನ್ನನ್ನೂ ಊಟಕ್ಕೆ ಕೂರಿಸಿಕೊಂಡರು.